ತಿಂಗಳಿಗೆ ₹4,000 ಹವ್ಯಾಸದ ದುಡ್ಡು: ಸೈಕಲ್, ಕ್ಯಾಮೆರಾ, ಬಾಲ್ಕನಿ ಗಿಡಕ್ಕೆ ಹಂಚೋದು ಹೇಗೆ?

ಕತ್ರಿಗುಪ್ಪೆ_ಬಾಲ್ಕನಿ

ಎಲ್ಲರಿಗೂ ನಮಸ್ಕಾರ. ಬಾಡಿಗೆ, ಸ್ಕೂಲ್ ಫೀಸ್, ಎಸ್‌ಐಪಿ ಎಲ್ಲ ಕಳೆದು ಹವ್ಯಾಸಕ್ಕೆ ಅಂತ ತಿಂಗಳಿಗೆ ₹4,000 ತೆಗೆದಿಡಬಹುದು. ಮನೇಲಿ ಒಬ್ಬರಿಗೆ ಸೈಕಲ್, ಇನ್ನೊಬ್ಬರಿಗೆ ಫೋಟೋಗ್ರಫಿ, ಇಬ್ಬರಿಗೂ ಬಾಲ್ಕನಿ ಗಿಡ. ಆದ್ರೆ ಈ ₹4,000 ಸದ್ಯಕ್ಕೆ ಕಾಗದದ ಮೇಲಷ್ಟೇ ಇದೆ. ಎಲ್ಲ ಒಂದೇ ಖಾತೆಯಿಂದ ಯುಪಿಐನಲ್ಲಿ ಹೋಗೋದ್ರಿಂದ ತಿಂಗಳ ಕೊನೆಗೆ ಹಾಲಿನ ದುಡ್ಡು ಯಾವುದು, ಸೈಕಲ್ ಟ್ಯೂಬಿನ ದುಡ್ಡು ಯಾವುದು ಅಂತ ಬೇರ್ಪಡಿಸೋಕೆ ಆಗಲ್ಲ.

ಮೂರು ಪ್ರಶ್ನೆ. ಈ ದುಡ್ಡನ್ನ ಬೇರೆ ಇಡೋಕೆ ಯುಪಿಐ ಲೈಟ್ (ಸಣ್ಣ ಪಾವತಿಗೆ ಆಪ್ ಒಳಗೇ ದುಡ್ಡು ತುಂಬಿಡೋ ವ್ಯವಸ್ಥೆ) ಸಾಕಾ, ಇಲ್ಲ ಬೇರೆ ಖಾತೆ ಬೇಕಾ? ₹30,000ದ ಲೆನ್ಸನ್ನ ಆರು ತಿಂಗಳ ನೋ ಕಾಸ್ಟ್ ಇಎಂಐನಲ್ಲಿ ತಗೋಬಹುದಾ? ಫೋಟೋ ಬ್ಯಾಕಪ್‌ಗೆ ಹಳೇ ಡೆಸ್ಕ್‌ಟಾಪನ್ನ ಹಗಲೂ ರಾತ್ರಿ ಆನ್ ಇಟ್ರೆ ಖರ್ಚೆಷ್ಟು?

ಲೆಕ್ಕದಪುಸ್ತಕ

ಎರಡನೇ ಪ್ರಶ್ನೆಯಿಂದ ಶುರು ಮಾಡೋಣ. ₹30,000 ಆರು ಕಂತಿಗೆ ಅಂದ್ರೆ ತಿಂಗಳಿಗೆ ₹5,000. ನಿಮ್ಮ ಇಡೀ ಹವ್ಯಾಸದ ದುಡ್ಡೇ ₹4,000. ಅಂದ್ರೆ ಆರು ತಿಂಗಳು ಸೈಕಲ್‌ಗೂ ಗಿಡಕ್ಕೂ ಸೊನ್ನೆ, ಮೇಲೆ ಮನೆ ಖರ್ಚಿನಿಂದ ತಿಂಗಳಿಗೆ ₹1,000 ಎಳೆಯಬೇಕು. ಇಲ್ಲಿಗೇ ಉತ್ತರ ಸಿಕ್ಕಿತು, ಆದರೂ ‘ನೋ ಕಾಸ್ಟ್’ ಅನ್ನೋದರ ಒಳಗೇನಿದೆ ಅಂತ ಒಮ್ಮೆ ಬಿಡಿಸಿ ನೋಡಿ.

ಬಡ್ಡಿ ಇಲ್ಲದ ಸಾಲವನ್ನ ಬ್ಯಾಂಕ್ ಕೊಡಲ್ಲ. ಮಾರುವವರು ಬಡ್ಡಿಯಷ್ಟು ಮೊತ್ತವನ್ನ ಮೊದಲೇ ಬೆಲೆಯಲ್ಲಿ ಬಿಡ್ತಾರೆ, ಬ್ಯಾಂಕ್ ಉಳಿದ ಮೊತ್ತಕ್ಕೆ ಬಡ್ಡಿ ಹಾಕುತ್ತೆ. ವರ್ಷಕ್ಕೆ 15% ಬಡ್ಡಿ ಅಂತಿಟ್ಟುಕೊಂಡ್ರೆ ಅಸಲು ₹28,730, ಆರು ತಿಂಗಳ ಬಡ್ಡಿ ₹1,270, ಸೇರಿ ₹30,000. ಇಲ್ಲಿವರೆಗೆ ಮಾತು ನಿಜ. ಆದ್ರೆ ಆ ಬಡ್ಡಿಯ ಮೇಲಿನ 18% ಜಿಎಸ್‌ಟಿ, ಅಂದ್ರೆ ₹229, ನಿಮ್ಮ ತಲೆ ಮೇಲೆ. ಪ್ರೊಸೆಸಿಂಗ್ ಫೀ ₹199 ಇದ್ರೆ ಅದರ ಜಿಎಸ್‌ಟಿ ಸೇರಿ ₹235. ಒಟ್ಟು ₹464ರ ಆಸುಪಾಸು. ಇದು ಸಣ್ಣದೇ. ದೊಡ್ಡದು ಬೇರೆ ಇದೆ: ಪೂರ್ತಿ ದುಡ್ಡು ಎಣಿಸಿದ್ರೆ ಅಂಗಡಿಯಲ್ಲಿ ಸಿಗಬಹುದಾದ ರಿಯಾಯಿತಿ ಇಎಂಐನವರಿಗೆ ಸಾಮಾನ್ಯವಾಗಿ ಸಿಗಲ್ಲ. ಕಾರ್ಡಿನ ಮಿತಿಯಲ್ಲಿ ಅಷ್ಟು ಮೊತ್ತ ಕಟ್ಟಿಬೀಳುತ್ತೆ, ಮಧ್ಯದಲ್ಲಿ ಸಾಲ ಮುಚ್ಚಿದ್ರೆ ಅನೇಕ ಬ್ಯಾಂಕ್‌ಗಳು ಅದಕ್ಕೂ ಶುಲ್ಕ ಹಾಕ್ತವೆ.

ಬದಲಿಗೆ ತಿಂಗಳಿಗೆ ₹2,500ರಂತೆ 12 ತಿಂಗಳ ಆರ್‌ಡಿ (ಪ್ರತಿ ತಿಂಗಳು ಕಂತು ಕಟ್ಟೋ ಬ್ಯಾಂಕ್ ಠೇವಣಿ) ತೆಗೀರಿ. 6.5% ಬಡ್ಡಿ ಇದ್ರೆ ವರ್ಷದ ಕೊನೆಗೆ ₹30,000 ಜೊತೆ ಸಾವಿರ ರೂಪಾಯಿ ಚಿಲ್ಲರೆ ಕೈಗೆ ಬರುತ್ತೆ. ಉಳಿದ ₹1,500ರಲ್ಲಿ ಮಿಕ್ಕ ಎರಡು ಹವ್ಯಾಸ ನಡೆಯುತ್ತೆ. ಹನ್ನೆರಡು ತಿಂಗಳು ತುಂಬಾ ದೂರ ಅನ್ಸುತ್ತೆ, ಗೊತ್ತು. ಆದ್ರೆ ಆ ಹೊತ್ತಿಗೂ ಅದೇ ಲೆನ್ಸ್ ಬೇಕು ಅನ್ಸಿದ್ರೆ ಧೈರ್ಯವಾಗಿ ತಗೊಳ್ಳಿ.

ಇಎಂಐ ಮಾಡಿಸದೆ ಕಾರ್ಡ್ ಉಜ್ಜಿ ‘ಮಿನಿಮಮ್ ಡ್ಯೂ’ ಮಾತ್ರ ಕಟ್ಟೋದಂತೂ ಬೇಡವೇ ಬೇಡ. ₹30,000ಕ್ಕೆ 5% ಅಂದ್ರೆ ₹1,500 ಕಟ್ಟಬೇಕು. ಬಡ್ಡಿ ತಿಂಗಳಿಗೆ 3.5% ಅಂದ್ರೆ ₹1,050, ಅದರ ಮೇಲೆ ಜಿಎಸ್‌ಟಿ ₹189. ಕಟ್ಟಿದ ₹1,500ರಲ್ಲಿ ಅಸಲಿಗೆ ಇಳಿದದ್ದು ₹261. ಇನ್ನೊಂದು ಪೆಟ್ಟು ಏನಂದ್ರೆ, ಹಳೇ ಬಾಕಿ ಇರೋವರೆಗೆ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಇರಲ್ಲ. ಅದೇ ಕಾರ್ಡಲ್ಲಿ ತಂದ ದಿನಸಿಗೂ ಆವತ್ತಿನಿಂದಲೇ ಬಡ್ಡಿ ಓಡುತ್ತೆ.

ಕ್ಯೂಆರ್_ಮತ್ತು_ಚಿಲ್ಲರೆ

ಮೊದಲ ಪ್ರಶ್ನೆಗೆ: ಯುಪಿಐ ಲೈಟ್ ಈ ಕೆಲಸಕ್ಕೆ ಸರಿಯಾದ ಡಬ್ಬಿ ಅಲ್ಲ.

ಲೈಟ್‌ನಲ್ಲಿ ಒಮ್ಮೆಗೆ ₹5,000 ತನಕ ಇಡಬಹುದು, ಒಂದು ಪಾವತಿ ₹1,000 ಮೀರುವಂತಿಲ್ಲ. ನಿಮ್ಮ ₹4,000 ಅದರೊಳಗೆ ಕೂರುತ್ತೆ ನಿಜ. ತೊಂದರೆ ಬೇರೆ ಕಡೆ ಇದೆ. ಲೈಟ್‌ಗೆ ದುಡ್ಡು ತುಂಬಿದ್ದು ಮಾತ್ರ ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಒಂದು ಸಾಲಾಗಿ ಕಾಣುತ್ತೆ, ಅಲ್ಲಿಂದ ಎಲ್ಲೆಲ್ಲಿ ಹೋಯ್ತು ಅನ್ನೋದು ಆ ಆಪ್ ಒಳಗೆ ಮಾತ್ರ. ನಿಮ್ಮ ತಲೆನೋವೇ ಲೆಕ್ಕ ಸಿಗದಿರೋದು, ಲೈಟ್ ಅದನ್ನ ಹೆಚ್ಚು ಮಾಡುತ್ತೆ. ಮೇಲಾಗಿ ಪಿನ್ ಕೇಳಲ್ಲ. ಹಾಲು, ಆಟೋ, ಕಾಫಿಗೆ ಅದು ಅನುಕೂಲ. ಹವ್ಯಾಸದ ಖರೀದಿಗೆ ಆ ಪಿನ್ ಹಾಕೋ ನಾಲ್ಕು ಸೆಕೆಂಡ್ ಇರಬೇಕು. ಆಟೋ ಟಾಪ್-ಅಪ್ ಆನ್ ಇದ್ರಂತೂ ಮಿತಿ ಅನ್ನೋದಕ್ಕೆ ಅರ್ಥವೇ ಇಲ್ಲ, ಖಾಲಿಯಾದ ಹಾಗೆ ತಾನೇ ತುಂಬಿಕೊಳ್ಳುತ್ತೆ.

ಬೇರೆ ಉಳಿತಾಯ ಖಾತೆ ಮಾಡಿ. ಮಿನಿಮಮ್ ಬ್ಯಾಲೆನ್ಸ್ ದಂಡ ಇಲ್ಲದ ಬ್ಯಾಂಕ್ ನೋಡಿಕೊಳ್ಳಿ. ಎಸ್‌ಬಿಐ 2020ರಲ್ಲಿ ಆ ದಂಡ ತೆಗೆಯಿತು, ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ತೆಗೆಯಿತು. ಸಂಬಳ 1ನೇ ತಾರೀಖು ಬಂದ್ರೆ 3ನೇ ತಾರೀಖಿಗೆ ₹4,000 ತಾನಾಗಿ ಆ ಖಾತೆಗೆ ಹೋಗೋ ಹಾಗೆ ಬ್ಯಾಂಕಿಗೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಹಾಕಿ, 5ನೇ ತಾರೀಖಿಗೆ ಆರ್‌ಡಿ ಕಂತು ಇರಲಿ. ನಡುವೆ ಎರಡು ದಿನ ಬಿಡೋದು ಯಾಕಂದ್ರೆ ಸಂಬಳ ಒಂದು ದಿನ ತಡವಾದ್ರೂ ಕಂತು ತಪ್ಪಬಾರದು.

ಅನೇಕರು ಎಡವೋದು ಇದರ ನಂತರ. ಹೊಸ ಖಾತೆಯನ್ನ ಅದೇ ಯುಪಿಐ ಆಪ್‌ಗೆ ಸೇರಿಸ್ತಾರೆ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಆಪ್ ತಾನಾಗಿ ಡಿಫಾಲ್ಟ್ ಖಾತೆಯನ್ನೇ ಮುಂದಿಡುತ್ತೆ, ನರ್ಸರಿಯಲ್ಲಿ ಕೊಟ್ಟ ದುಡ್ಡು ಮತ್ತೆ ಮನೆ ಖಾತೆಯಿಂದಲೇ ಹೋಗುತ್ತೆ. ಹಾಗಾಗಿ ಹವ್ಯಾಸದ ಖಾತೆಗೆ ಆಪ್ ಕೂಡ ಬೇರೆ ಇರಲಿ. ಮನೆಗೆ ಈಗಿರೋದೇ ಸಾಕು, ಹವ್ಯಾಸಕ್ಕೆ ಭೀಮ್ ಆಪ್ ಅಂತ ಇಟ್ಟುಕೊಳ್ಳಿ. ಆ ಆಪ್ ತೆರೆದ್ರೆ ಆ ಖಾತೆ ಒಂದೇ ಕಾಣಬೇಕು.

ಇಬ್ಬರೂ ಬಳಸೋದಾದ್ರೆ ಯುಪಿಐ ಸರ್ಕಲ್ ನೋಡಿ. ಖಾತೆ ಒಬ್ಬರ ಹೆಸರಲ್ಲಿದ್ರೂ ಇನ್ನೊಬ್ಬರು ತಮ್ಮ ಫೋನಿಂದ ಕೊಡಬಹುದು. ಪೂರ್ಣ ಅಧಿಕಾರ ಕೊಟ್ರೆ ತಿಂಗಳಿಗೆ ₹15,000, ಒಂದು ಪಾವತಿಗೆ ₹5,000 ಗರಿಷ್ಠ. ಅದರೊಳಗೆ ನೀವು ₹1,000 ಅಂತ ಬೇಕಾದ್ರೂ ಮಿತಿ ಹಾಕಬಹುದು.

ನಂದಿಬೆಟ್ಟ_ಬೆಳಗ್ಗೆ

ಲೈಟ್ ಬಗ್ಗೆ ಸ್ವಲ್ಪ ಭಿನ್ನಾಭಿಪ್ರಾಯ. ದಾರೀಲಿ ಎಳನೀರು, ಇಡ್ಲಿ, ಪಂಕ್ಚರ್ ಇಂಥದ್ದಕ್ಕೆ ಬೆಳಗ್ಗೆ ಐದೂವರೆಗೆ ಎರಡನೇ ಆಪ್ ತೆರೆದು ಪಿನ್ ಹಾಕೋದು ಕಷ್ಟ. ನೆಟ್‌ವರ್ಕ್ ಮಂದ ಇರೋ ಕಡೆ ಲೈಟ್ ಬೇಗ ಆಗುತ್ತೆ. ₹300 ಲೈಟ್‌ನಲ್ಲಿ ಇಟ್ಟು, ಟಾಪ್-ಅಪ್ ಕೈಯಾರೆ ಮಾಡಿಕೊಂಡ್ರೆ ತೊಂದರೆ ಏನು?

ಕ್ಯೂಆರ್_ಮತ್ತು_ಚಿಲ್ಲರೆ

ಸರಿ ಸರ್, ₹300ಕ್ಕೆ ನಂದೂ ಒಪ್ಪಿಗೆ. ಟಾಪ್-ಅಪ್ ಮಾತ್ರ ಹವ್ಯಾಸದ ಖಾತೆಯಿಂದ ಆಗಬೇಕು. ಎರಡು ಎಚ್ಚರಿಕೆ: ಸ್ಕ್ರೀನ್ ಲಾಕ್ ಇಲ್ಲದ ಫೋನಲ್ಲಿ ಲೈಟ್ ಇಡಬೇಡಿ, ಕಳೆದುಹೋದ್ರೆ ಪಿನ್ನಿನ ಕಾವಲಿಲ್ಲ. ಇನ್ನು ಫೋನ್ ಬದಲಿಸೋ ಮುಂಚೆ ಲೈಟ್ ಮುಚ್ಚಿ, ಉಳಿದ ದುಡ್ಡು ಬ್ಯಾಂಕಿಗೆ ವಾಪಸ್ ಬರುತ್ತೆ. ಹಳೇ ಫೋನನ್ನ ರೀಸೆಟ್ ಮಾಡಿದ ಮೇಲೆ ಅದನ್ನ ಬಿಡಿಸಿಕೊಳ್ಳೋಕೆ ಬ್ಯಾಂಕ್ ಹಿಂದೆ ಓಡಾಡಬೇಕಾಗುತ್ತೆ.

ಅಪರ್ಚರ್_ಎಂಟು

ಲೆನ್ಸ್ ವಿಷಯಕ್ಕೆ ಬರೋಣ. ದುಡ್ಡಿನ ಲೆಕ್ಕಕ್ಕೆ ಮುಂಚೆ, ಆ ಲೆನ್ಸ್ ನಿಮಗೆ ಬೇಕಾ ಅನ್ನೋದನ್ನ ನಿಮ್ಮ ಫೋಟೋಗಳೇ ಹೇಳ್ತವೆ. ಪ್ರತಿ ಫೋಟೋ ಫೈಲಿನೊಳಗೆ ಕ್ಯಾಮೆರಾ ಬರೆದಿಡೋ ಎಕ್ಸಿಫ್ ಮಾಹಿತಿಯಲ್ಲಿ ಫೋಕಲ್ ಲೆಂತ್ (ಲೆನ್ಸ್ ಎಷ್ಟು ಜೂಮ್‌ನಲ್ಲಿತ್ತು ಅನ್ನೋದು, ಮಿ.ಮೀ. ಲೆಕ್ಕದಲ್ಲಿ) ದಾಖಲಾಗಿರುತ್ತೆ. ಡಿಜಿಕ್ಯಾಮ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು, ಕಳೆದ ಒಂದು ವರ್ಷದ ಫೋಲ್ಡರ್ ಸೇರಿಸಿ, ಹುಡುಕಾಟದಲ್ಲಿ ಫೋಕಲ್ ಲೆಂತ್ ವ್ಯಾಪ್ತಿ ಕೊಟ್ಟು ಎಷ್ಟೆಷ್ಟು ಫೋಟೋ ಬರ್ತವೆ ನೋಡಿ. ನಿಮ್ಮದು ಕ್ಯಾಮೆರಾ ಜೊತೆಗೇ ಬರೋ 18–55 ಕಿಟ್ ಲೆನ್ಸ್ ಆಗಿದ್ರೆ ಮೂರು ಗುಂಪು ಸಾಕು: 18ರಿಂದ 24, 25ರಿಂದ 45, 46ರಿಂದ 55 ಮಿ.ಮೀ.

ಅರ್ಧಕ್ಕಿಂತ ಹೆಚ್ಚು ಫೋಟೋ 55ರ ತುದಿಯಲ್ಲೇ ಕೂತಿದ್ರೆ ನೀವು ಇನ್ನೂ ದೂರಕ್ಕೆ ಹೋಗೋಕೆ ಒದ್ದಾಡ್ತಿದ್ದೀರಿ, ದೂರದ್ದನ್ನ ಹತ್ತಿರ ತೋರಿಸೋ ಟೆಲಿ ಲೆನ್ಸಿಗೆ ಕಾರಣ ಇದೆ. 18ರಲ್ಲೇ ತುಂಬಿಕೊಂಡಿದ್ರೆ ಟೆಲಿ ತಂದ್ರೂ ಕಪಾಟಲ್ಲಿ ಇರುತ್ತೆ. ಮಧ್ಯದಲ್ಲಿ ಹರಡಿದ್ರೆ ಈಗಿರೋದು ಸಾಕು, ಬೆಳಕು ಕಮ್ಮಿ ಅನ್ನೋದಷ್ಟೇ ದೂರಾದ್ರೆ 50 ಮಿ.ಮೀ. ಎಫ್1.8 ಪ್ರೈಮ್ (ಜೂಮ್ ಇಲ್ಲದ, ಹೆಚ್ಚು ಬೆಳಕು ಬಿಡೋ ಲೆನ್ಸ್) ನೋಡಿ. ₹30,000ದ ಮಾತೇ ಬರಲ್ಲ. ಇದಾದ ಮೇಲೂ ಅನುಮಾನ ಇದ್ರೆ ಒಂದು ಶನಿವಾರ-ಭಾನುವಾರಕ್ಕೆ ಅದೇ ಲೆನ್ಸ್ ಬಾಡಿಗೆಗೆ ತನ್ನಿ. ಬೆಂಗಳೂರಲ್ಲಿ ಬಾಡಿಗೆಗೆ ಕೊಡೋರು ಸಾಕಷ್ಟಿದ್ದಾರೆ. ಗುರುತಿನ ಚೀಟಿ, ಡಿಪಾಸಿಟ್ ಕೇಳ್ತಾರೆ. ತಗೊಳ್ಳೋವಾಗಲೇ ಮುಂದಿನ ಗಾಜು, ಮೌಂಟ್, ಅಂಚುಗಳ ವಿಡಿಯೋ ಅವರೆದುರೇ ಮಾಡಿಟ್ಟುಕೊಳ್ಳಿ, ವಾಪಸ್ ಕೊಡೋವಾಗ ಗೀರಿನ ಜಗಳ ಇರಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ ಕೈಯಲ್ಲಿ ಟಾರ್ಚ್ ಇರಲಿ. ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ನೋಡಿ. ಧೂಳಿನ ಚುಕ್ಕೆ ನಾಲ್ಕೈದು ಇದ್ರೆ ಚಿಂತೆ ಇಲ್ಲ. ಜೇಡರ ಬಲೆ ತರ ಎಳೆಎಳೆಯಾಗಿ ಹರಡಿದ್ರೆ ಅದು ಫಂಗಸ್, ಬಿಟ್ಟುಬಿಡಿ. ಒಳಗಡೆ ಹಾಲಿನ ಪೊರೆಯಂಥ ಮಬ್ಬು ಕಂಡ್ರೂ ಬೇಡ. ಬೆಳಕಿನ ಕಿಂಡಿಯನ್ನ ಹಿರಿದು ಕಿರಿದು ಮಾಡೋ ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಹೊಳಪು ಇದ್ರೆ ಅವು ಅಂಟಿಕೊಳ್ತವೆ, ಎಫ್8ರಲ್ಲಿ ತೆಗೆದ ಸರಣಿ ಫೋಟೋಗಳು ಒಂದು ಕಪ್ಪು ಒಂದು ಬಿಳಿ ಬರ್ತವೆ. ನಿಮ್ಮ ಕ್ಯಾಮೆರಾಗೆ ಹಾಕಿ, ಮೂಲೆಯಿಂದ ಮೂಲೆಗೆ ಇಟ್ಟಿಗೆ ಗೋಡೆಯ ಒಂದು ಫೋಟೋ ತೆಗೀರಿ. ಎಡ ಅಂಚು ಚೂಪು, ಬಲ ಅಂಚು ಮಂಕು ಅಂದ್ರೆ ಎಲ್ಲೋ ಬಿದ್ದ ಲೆನ್ಸ್.

ಇರೋ ಲೆನ್ಸ್ ಕಾಪಾಡೋಕೆ ದುಬಾರಿ ಡ್ರೈ ಕ್ಯಾಬಿನೆಟ್ ಬೇಡ. ರಬ್ಬರ್ ಅಂಚಿರೋ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್ 200 ಗ್ರಾಂ, ತೇವಾಂಶ ಅಳೆಯೋ ಒಂದು ಸಣ್ಣ ಹೈಗ್ರೋಮೀಟರ್. ತೇವಾಂಶ 40ರಿಂದ 50%ರಲ್ಲಿ ಇರಬೇಕು. ಜೂನ್‌ನಿಂದ ಅಕ್ಟೋಬರ್ ತನಕ ಬೆಂಗಳೂರಲ್ಲಿ ಜೆಲ್ ಬೇಗ ತುಂಬಿಕೊಳ್ಳುತ್ತೆ, ಮುಳ್ಳು 55 ದಾಟಿದ್ರೆ ಜೆಲ್ ಬಿಸಿ ಮಾಡಿ ಒಣಗಿಸಿ, 110–120 ಡಿಗ್ರಿಯಲ್ಲಿ ಒಂದೆರಡು ಗಂಟೆ. ಕಿತ್ತಳೆ ಬಣ್ಣದ ಜೆಲ್ಲೇ ತಗೊಳ್ಳಿ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತೆ, ಅಡುಗೆಯ ಓವನ್ ಹತ್ತಿರಕ್ಕೂ ತರಬೇಡಿ.

ಮೀಟರ್_ರೀಡಿಂಗ್

ಮೂರನೇ ಪ್ರಶ್ನೆ. ಹಳೇ ಡೆಸ್ಕ್‌ಟಾಪ್ ಸುಮ್ಮನೆ ಆನ್ ಇದ್ರೂ ಸುಮಾರು 60 ವ್ಯಾಟ್ ತಿನ್ನುತ್ತೆ ಅಂತ ಹಿಡೀರಿ. ದಿನಕ್ಕೆ 24 ಗಂಟೆ, 30 ದಿನ: 43 ಯೂನಿಟ್. 2025–26ರ ಗೃಹ ಬಳಕೆ ದರ ಯೂನಿಟ್‌ಗೆ ₹5.80ರಂತೆ ₹250. ಇಷ್ಟೇ ಆಗಿದ್ರೆ ಪರವಾಗಿಲ್ಲ ಅನ್ನಬಹುದಿತ್ತು.

ಆದ್ರೆ ಗೃಹಜ್ಯೋತಿ ಇದ್ರೆ ಲೆಕ್ಕ ಬೇರೆ. ನಿಮಗೆ ಉಚಿತ ಇರೋದು 2022–23ರ ನಿಮ್ಮ ಸರಾಸರಿ ಬಳಕೆ, ಅದರ ಮೇಲೆ 10%. ಅದನ್ನ ಮೀರಿ 200 ಯೂನಿಟ್ ಒಳಗಿದ್ರೆ ಮೀರಿದ್ದಕ್ಕೆ ಮಾತ್ರ ದುಡ್ಡು. 200 ದಾಟಿದ್ರೆ ಆ ತಿಂಗಳು ಪೂರ್ತಿ ಬಿಲ್. ಮನೆ ಬಳಕೆ 165 ಇರೋರು 43 ಸೇರಿಸಿದ್ರೆ 208 ಆಯ್ತು. ಯೂನಿಟ್ ಚಾರ್ಜೇ ₹1,206, ಮೇಲೆ ನಿಗದಿತ ಶುಲ್ಕ, ತೆರಿಗೆ. ನಿಮ್ಮ ₹4,000ರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಬೆಸ್ಕಾಂಗೆ ಹೋದ ಹಾಗೆ. ಬಾಡಿಗೆ ಮನೆಯವರು ಮೊದಲು ಕಳೆದ ಆರು ತಿಂಗಳ ಬಿಲ್ ಮುಂದಿಟ್ಟುಕೊಂಡು ಎಷ್ಟು ಯೂನಿಟ್ ಜಾಗ ಉಳಿದಿದೆ ನೋಡಿ. ಏಪ್ರಿಲ್, ಮೇ ಬಿಲ್ಲನ್ನೇ ಹಿಡೀಬೇಕು, ಫ್ಯಾನ್ ಓಡೋ ತಿಂಗಳು.

ಹಗಲೂ ರಾತ್ರಿ ಏನಾದ್ರೂ ಆನ್ ಇರಲೇಬೇಕು ಅಂದ್ರೆ 5 ವ್ಯಾಟಿನ ರಾಸ್ಪ್‌ಬೆರಿ ಪೈ ತರಹದ ಬೋರ್ಡ್ ಇಡಿ, ತಿಂಗಳಿಗೆ 3.6 ಯೂನಿಟ್. ನಿಮ್ಮ ಬಳಕೆಗೆ ಅದೂ ಬೇಕಿಲ್ಲ ಅನ್ಸುತ್ತೆ. ಫೋಟೋ ಬ್ಯಾಕಪ್‌ಗೆ ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಾಕು. ಒಂದು ಮನೇಲಿ, ಇನ್ನೊಂದು ಅಪ್ಪ-ಅಮ್ಮನ ಮನೇಲೋ ಆಫೀಸ್ ಡ್ರಾಯರಲ್ಲೋ. ತಿಂಗಳಿಗೊಮ್ಮೆ ಮನೆಯದಕ್ಕೆ ಸುರಿಯೋದು, ಹಬ್ಬಕ್ಕೆ ಹೋದಾಗ ಅದಲು ಬದಲು ಮಾಡೋದು.

ಅಪರ್ಚರ್_ಎಂಟು

ಮೀಟರ್ ಅವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ: ಕಾಪಿ ಆಯ್ತು ಅಂತ ನಂಬಿ ಕ್ಯಾಮೆರಾದ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ಡಿಸ್ಕಿಂದ ಹತ್ತು ಫೈಲ್ ತೆರೆದು ನೋಡಿ, ಮೊದಲಿನದು, ಕೊನೇದು, ನಡುವಿನವು. ಫೈಲಿನ ಹೆಸರಿದ್ದು ಒಳಗೆ ಅರ್ಧ ಬೂದು ಪಟ್ಟಿ ಬರೋದು ಕೇಬಲ್ ಸಡಿಲ ಇದ್ದಾಗ ಆಗುತ್ತೆ. ಕ್ಲೌಡ್‌ಗೆ ದುಡ್ಡು ಕಟ್ಟೋ ಮುಂಚೆ, ಗೂಗಲ್‌ನ ಉಚಿತ 15 ಜಿಬಿಯಲ್ಲಿ ವಾಟ್ಸಾಪ್ ಬ್ಯಾಕಪ್ ಮತ್ತು ಹಳೇ ವಿಡಿಯೋ ಎಷ್ಟು ತುಂಬಿವೆ ಅಂತ ಸ್ಟೋರೇಜ್ ಪುಟದಲ್ಲಿ ನೋಡಿ ಖಾಲಿ ಮಾಡಿ. ಆಯ್ದ ಫೋಟೋಗಳಿಗೆ ಅಷ್ಟು ಜಾಗ ಸಾಲುತ್ತೆ.

ನಂದಿಬೆಟ್ಟ_ಬೆಳಗ್ಗೆ

ಸೈಕಲ್ ಕಡೆಯಿಂದ ಒಂದು ತಕರಾರು. ಎಲ್ಲರೂ ಕೊಳ್ಳೋ ಲೆಕ್ಕ ಹಾಕ್ತಿದ್ದೀರಿ, ಇರೋದನ್ನ ನಡೆಸೋ ಲೆಕ್ಕ ಯಾರೂ ಹಾಕಿಲ್ಲ. ₹1,500 ಉಳಿದ್ರೆ ಅದರಲ್ಲಿ ₹600 ರಿಪೇರಿಗೆ ಅಂತ ಮುಟ್ಟದೇ ಇಡಿ.

ಕಾರಣ ಚೈನ್. ಚೈನ್ ಸವೆದಾಗ ಬದಲಿಸದೇ ಇದ್ರೆ ಅದು ಕ್ಯಾಸೆಟ್ಟಿನ (ಹಿಂದಿನ ಚಕ್ರದ ಗೇರ್ ಹಲ್ಲುಚಕ್ರಗಳ ಗುಂಪು) ಹಲ್ಲನ್ನ ತನ್ನ ಆಕಾರಕ್ಕೆ ತಿಂದುಹಾಕುತ್ತೆ. ಆಮೇಲೆ ಹೊಸ ಚೈನ್ ಹಾಕಿದ್ರೆ ಹಲ್ಲಿಂದ ಹಲ್ಲಿಗೆ ಹಾರುತ್ತೆ, ಕ್ಯಾಸೆಟ್ ಕೂಡ ಬದಲಿಸಬೇಕು. ಅದಕ್ಕೆ ಚೈನಿಗಿಂತ ಹೆಚ್ಚು ದುಡ್ಡು. ಅಳೆಯೋದಕ್ಕೆ ಗೇಜ್ ಇಲ್ಲದಿದ್ರೆ ಸ್ಟೀಲ್ ಸ್ಕೇಲ್ ಸಾಕು. ಒಂದು ಪಿನ್ನಿನ ಮಧ್ಯಕ್ಕೆ ಸೊನ್ನೆ ಇಟ್ಟು, ಚೈನ್ ಬಿಗಿಯಾಗಿರೋವಾಗ 24 ಕೊಂಡಿ ಆಚೆಯ ಪಿನ್ ನೋಡಿ. ಹೊಸ ಚೈನಾದ್ರೆ 304.8 ಮಿ.ಮೀ. 306.3 ಆದ್ರೆ 0.5% ಹಿಗ್ಗಿದೆ. ಹಿಂದೆ 11 ಗೇರ್ ಇರೋ, ಅಂದ್ರೆ 11 ಸ್ಪೀಡ್ ಮತ್ತು ಮೇಲಿನವಕ್ಕೆ ಅದೇ ಬದಲಿಸೋ ಹೊತ್ತು. 8, 9, 10 ಸ್ಪೀಡಿನವು 0.75% ತನಕ, ಅಂದ್ರೆ 307 ಮಿ.ಮೀ. ತನಕ ತಾಳ್ತವೆ.

ಎಣ್ಣೆ ಹಾಕೋದ್ರಲ್ಲೂ ದುಡ್ಡು ಪೋಲಾಗುತ್ತೆ. ಮೊದಲು ಬಟ್ಟೆಯಲ್ಲಿ ಒರೆಸಿ, ಒಂದೊಂದು ರೋಲರ್ ಮೇಲೆ ಒಂದೇ ಹನಿ, ಪೆಡಲ್ ಇಪ್ಪತ್ತು ಸುತ್ತು ಹಿಂದಕ್ಕೆ ತಿರುಗಿಸಿ, ಹತ್ತು ನಿಮಿಷ ಬಿಟ್ಟು ಹೊರಗಿನ ಎಣ್ಣೆ ಪೂರ್ತಿ ಒರೆಸಬೇಕು. ಹೊರಗೆ ಉಳಿದ ಎಣ್ಣೆಗೆ ನಮ್ಮೂರಿನ ಕಾಮಗಾರಿ ಧೂಳು ಅಂಟಿ ಉಪ್ಪುಕಾಗದದ ಹಾಗೆ ಉಜ್ಜುತ್ತೆ. ಬೇಸಿಗೆಗೆ ವ್ಯಾಕ್ಸ್ ಲ್ಯೂಬ್, ಮಳೆಗಾಲಕ್ಕೆ ವೆಟ್ ಲ್ಯೂಬ್. ನಂದಿಗೆ ಹೋಗೋರು ಇಳಿಯೋ ಮುಂಚೆ ಬ್ರೇಕ್ ಪ್ಯಾಡಿನ ಸವೆತದ ಗೆರೆ ನೋಡಿಕೊಳ್ಳಿ. ಅಲ್ಲಿಂದ ಬ್ರೇಕ್ ಹಿಡಿದೇ ಇಳೀಬೇಕು, ಒದ್ದೆ ರಸ್ತೆಯಲ್ಲಿ ರಿಮ್ ಬ್ರೇಕ್ ಪ್ಯಾಡ್ ಬೇಗ ಸವೆಯುತ್ತೆ.

ಲೆಕ್ಕದಪುಸ್ತಕ

ನಂದಿಬೆಟ್ಟ ಅವರ ಮಾತು ನ್ಯಾಯ, ರಿಪೇರಿ ದುಡ್ಡನ್ನ ನಾನು ಮರೆತಿದ್ದೆ. ಹಾಗಾದ್ರೆ ₹2,500 ಆರ್‌ಡಿ, ₹600 ರಿಪೇರಿ, ₹900 ಓಡಾಟ ಮತ್ತು ಸಣ್ಣಪುಟ್ಟದ್ದು. ರಿಪೇರಿಯ ₹600 ಆ ತಿಂಗಳು ಖರ್ಚಾಗದಿದ್ರೆ ಖಾತೆಯಲ್ಲೇ ಬೆಳೀಲಿ. ₹5,000 ತುಂಬಿದ ಮೇಲೆ ಮಾತ್ರ ಮುಂದಿನ ಕಂತನ್ನ ಬೇರೆ ಕಡೆ ತಿರುಗಿಸಿ.

ಬಾಲ್ಕನಿ_ಬೆಸುಗೆ

ಗಿಡಗಳಿಗೆ ತಾನಾಗಿ ನೀರು ಬಿಡೋ ಕಿಟ್ ಕೊಳ್ಳೋ ಯೋಚನೆ ಇದ್ರೆ ನಿಲ್ಲಿಸಿ, ಇದನ್ನ ಮನೇಲೇ ಮಾಡಬಹುದು. ಆರು ಕುಂಡಕ್ಕೆ ಚೆಂಬಲ್ಲಿ ನೀರು ಹಾಕೋದು ನಾಲ್ಕು ನಿಮಿಷದ ಕೆಲಸ, ಅದು ನಿಜ. ಕೈಯಿಂದ ಏನಾದ್ರೂ ಮಾಡೋ ಖುಷಿ ಬೇಕು, ಊರಿಗೆ ಹೋದಾಗ ಗಿಡ ಒಣಗಬಾರದು ಅನ್ನೋರಿಗೆ ಇದು.

ಬೇಕಾದ್ದು: ಇಎಸ್‌ಪಿ32 (ವೈಫೈ ಇರೋ ಪುಟ್ಟ ಕಂಟ್ರೋಲರ್) ಬೋರ್ಡ್ 1, ಕೆಪಾಸಿಟಿವ್ ಮಣ್ಣಿನ ತೇವ ಸೆನ್ಸರ್ 1, 5 ವೋಲ್ಟಿನ ಮುಳುಗೋ ಪಂಪ್ 1, ಐಆರ್‌ಎಲ್‌ಝಡ್44ಎನ್ ಮಾಸ್‌ಫೆಟ್ (ಪಂಪನ್ನ ಆನ್-ಆಫ್ ಮಾಡೋ ಸ್ವಿಚ್) 1, 1ಎನ್4007 ಡಯೋಡ್ 1, 10 ಕಿಲೋ ಓಮ್ ಮತ್ತು 220 ಓಮ್ ರೆಸಿಸ್ಟರ್ ಒಂದೊಂದು, 1000 ಮೈಕ್ರೋಫ್ಯಾರಡ್ 16 ವೋಲ್ಟ್ ಕೆಪಾಸಿಟರ್ 1, 5 ವೋಲ್ಟ್ 2 ಆಂಪ್ ಅಡಾಪ್ಟರ್, ಪಂಪ್ ಬಾಯಿಗೆ ಹೊಂದೋ ಪೈಪ್ ನಾಲ್ಕು ಮೀಟರ್. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರಸ್ತೆಯಲ್ಲಿ ಎಲ್ಲ ಸೇರಿ ಸಾವಿರದ ಆಸುಪಾಸು. ಚಿಕ್ಕಪೇಟೆ ಅಥವಾ ಕೃಷ್ಣರಾಜೇಂದ್ರ ಮಾರುಕಟ್ಟೆ ಮೆಟ್ರೋ ಇಳಿದು ನಡೀರಿ, ಗಾಡಿ ತರಬೇಡಿ. ಭಾನುವಾರ ಬಹುತೇಕ ಅಂಗಡಿ ಮುಚ್ಚಿರ್ತವೆ. ಈ ಪಟ್ಟಿಯನ್ನ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಚೀಟಿ ಇಲ್ಲದೆ ಎಸ್‌ಪಿ ರಸ್ತೆಗೆ ಹೋದ್ರೆ ಯಾವತ್ತೋ ಬೇಕಾಗುತ್ತೆ ಅಂತ ಇನ್ನೊಂದು ಸಾವಿರದ್ದು ಚೀಲದಲ್ಲಿ ಬರುತ್ತೆ.

ಕೆಡೋದು ಎಲ್ಲೆಲ್ಲಿ ಅಂತ ಹೇಳ್ತೀನಿ, ಜೋಡಿಸೋ ಚಿತ್ರ ಎಲ್ಲಾ ಕಡೆ ಸಿಗುತ್ತೆ. ಎರಡು ಲೋಹದ ಕಡ್ಡಿ ಬರಿಗಣ್ಣಿಗೆ ಕಾಣೋ ಅಗ್ಗದ ಸೆನ್ಸರ್ ತಗೋಬೇಡಿ, ಕೆಲವೇ ವಾರಕ್ಕೆ ಕಿಲುಬು ತಿಂದು ಹೋಗುತ್ತೆ. ಕೆಪಾಸಿಟಿವ್‌ನದ್ದು ಬಾಳುತ್ತೆ, ಆದ್ರೆ ಬೋರ್ಡಿನ ಕತ್ತರಿಸಿದ ಅಂಚು ನೀರು ಹೀರುತ್ತೆ. ಅಂಚಿಗೆ ನೈಲ್ ಪಾಲಿಶ್ ಎರಡು ಸಲ ಬಳಿದು ಒಣಗಿಸಿ ಆಮೇಲೆ ಮಣ್ಣಿಗಿಡಿ. ಸೆನ್ಸರ್ ತಂತಿಯನ್ನ ಬೋರ್ಡಿನ ಜಿಪಿಐಒ 32ರಿಂದ 39ರೊಳಗಿನ ಪಿನ್ನಿಗೇ ಕೊಡಿ, ಅವು ಎಡಿಸಿ1 (ಸೆನ್ಸರಿನ ವೋಲ್ಟೇಜನ್ನ ಅಂಕಿಯಾಗಿ ಓದೋ ಮೊದಲ ಭಾಗ). ಎಡಿಸಿ2 ಪಿನ್‌ಗಳು ವೈಫೈ ಆನ್ ಆದ ತಕ್ಷಣ ಓದೋದು ನಿಲ್ಲಿಸ್ತವೆ, ಅನೇಕರು ಇಲ್ಲಿ ಸೆನ್ಸರನ್ನ ಬೈದು ಎರಡನೇ ಸೆನ್ಸರ್ ತರ್ತಾರೆ. ಐಆರ್‌ಎಫ್520 ಅನ್ನೋ ಮಾಸ್‌ಫೆಟ್ ಮಾಡ್ಯೂಲ್ ಅಂಗಡಿಯಲ್ಲಿ ಮುಂದಿಡ್ತಾರೆ, ಅದು 3.3 ವೋಲ್ಟಿಗೆ ಪೂರ್ತಿ ತೆರೆಯಲ್ಲ. ಪಂಪ್ ಶುರುವಾದಾಗಲೆಲ್ಲ ಬೋರ್ಡ್ ರೀಸೆಟ್ ಆಗ್ತಿದ್ರೆ ಕೆಪಾಸಿಟರ್ ಬಿಟ್ಟುಹೋಗಿದೆ ಅಂತ ಅರ್ಥ.

ಎಲ್ಲಕ್ಕಿಂತ ಮುಖ್ಯ ಸೈಫನ್. ಪೈಪಿನ ತುದಿ ಬಕೆಟ್ಟಿನ ನೀರಿನ ಮಟ್ಟಕ್ಕಿಂತ ಕೆಳಗಿದ್ರೆ ಪಂಪ್ ನಿಂತ ಮೇಲೂ ನೀರು ಇಳೀತಾನೇ ಇರುತ್ತೆ, ಬಕೆಟ್ ಖಾಲಿಯಾಗಿ ಕೆಳಗಿನ ಮನೆಯವರ ಒಣಗಿಸಿದ ಬಟ್ಟೆ ಮೇಲೆ ಸುರಿಯುತ್ತೆ. ಬಕೆಟನ್ನ ನೆಲದಲ್ಲಿ, ಕುಂಡಗಳನ್ನ ಸ್ಟ್ಯಾಂಡ್ ಮೇಲೆ ಇಡಿ. ಆಗಲ್ಲ ಅಂದ್ರೆ ಪೈಪಿನ ಅತಿ ಎತ್ತರದ ಬಾಗಿನಲ್ಲಿ ಸೂಜಿಯಿಂದ ಒಂದು ತೂತು ಮಾಡಿ, ಗಾಳಿ ಎಳೆದು ಹರಿವು ಕಡಿಯುತ್ತೆ. ಆ ತೂತು ಬಕೆಟ್ಟಿನ ಬಾಯಿ ಮೇಲೇ ಇರಲಿ, ಪಂಪ್ ಓಡೋವಾಗ ಅಲ್ಲಿಂದ ಚಿಮ್ಮೋ ಹನಿ ಬಕೆಟ್ಟಿಗೇ ಬೀಳುತ್ತೆ. ಪಂಪ್ ಎಷ್ಟು ಹೊತ್ತು ಓಡಬೇಕು ಅಂತ ಅಂದಾಜು ಮಾಡಬೇಡಿ, ಪೈಪ್ ತುದಿಯನ್ನ ಅಳತೆ ಲೋಟಕ್ಕೆ ಬಿಟ್ಟು 30 ಸೆಕೆಂಡ್ ಓಡಿಸಿ ನೋಡಿ. ಗಂಟೆಗೆ 120 ಲೀಟರ್ ಅಂತ ಬರೆದ ಪಂಪ್ ತಡೆ ಇಲ್ಲದಿದ್ರೆ ಸೆಕೆಂಡಿಗೆ 33 ಮಿ.ಲೀ. ಕೊಡಬೇಕು. ಪೈಪ್ ತೆಳುವಾದಷ್ಟು, ಎತ್ತರ ಹೆಚ್ಚಾದಷ್ಟು ಕಮ್ಮಿ.

ಗ್ರಂಥಾಲಯದ_ಕಿಟಕಿ

ಹವ್ಯಾಸದ ಪುಸ್ತಕಕ್ಕೂ ಇದೇ ₹900ರಿಂದ ತೆಗೀತೀರಾ? ನಾವು ಕಟ್ಟೋ ಆಸ್ತಿ ತೆರಿಗೆಯ ಮೇಲೆ 6% ಗ್ರಂಥಾಲಯ ಕರ ಇದೆ, 1965ರ ಕಾಯ್ದೆ ಪ್ರಕಾರ. ಬಡಾವಣೆಯ ಶಾಖಾ ಗ್ರಂಥಾಲಯವನ್ನ ಬಳಸಿ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯಕ್ಕೆ ಭಾನುವಾರ ಬೆಳಗ್ಗೆ ಸೈಕಲ್ಲಲ್ಲೇ ಹೋಗಬಹುದು. ಕೊಳ್ಳಲೇಬೇಕಾದ್ರೆ ಮೊದಲು ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿ, ಅಲ್ಲಿಂದ ಎಸ್‌ಪಿ ರಸ್ತೆ ನಡೆದು ಹೋಗೋ ದೂರ.

ಕ್ಯೂಆರ್_ಮತ್ತು_ಚಿಲ್ಲರೆ

ಸದ್ದಿಲ್ಲದೆ ಸೋರೋ ದುಡ್ಡಿನ ಬಗ್ಗೆ ಇನ್ನೂ ಯಾರೂ ಬರೆದಿಲ್ಲ. ಫೋಟೋ ಎಡಿಟಿಂಗ್ ಆಪ್, ಸೈಕಲ್ ಟ್ರ್ಯಾಕಿಂಗ್ ಆಪ್, ಗಿಡ ಗುರುತಿಸೋ ಆಪ್. ಮೂರೂ ಒಂದು ವಾರ ಉಚಿತ ಅಂತ ಶುರುವಾಗಿ, ದುಡ್ಡು ತಾನಾಗಿ ಕಟ್ ಆಗೋ ಆಟೋಪೇಗೆ ಬಂದು ನಿಲ್ತವೆ. ಆಪನ್ನ ಫೋನಿಂದ ತೆಗೆದುಹಾಕಿದ್ರೆ ಚಂದಾ ನಿಲ್ಲಲ್ಲ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಚಿತ್ರ ಒತ್ತಿ, ಪೇಮೆಂಟ್ಸ್ ಮತ್ತು ಸಬ್‌ಸ್ಕ್ರಿಪ್ಶನ್ಸ್ ಒಳಗೆ ಹೋಗಿ ರದ್ದು ಮಾಡಬೇಕು. ಆಮೇಲೆ ಯುಪಿಐ ಆಪಿನ ಆಟೋಪೇ ಪುಟವನ್ನೂ ನೋಡಿ. ₹15,000 ತನಕ ಹೀಗೆ ಮತ್ತೆ ಮತ್ತೆ ಆಗೋ ಪಾವತಿಗೆ ಪ್ರತಿ ಸಲ ಪಿನ್ ಕೇಳಲ್ಲ, 24 ಗಂಟೆ ಮುಂಚೆ ಒಂದು ಸಂದೇಶ ಮಾತ್ರ ಬರುತ್ತೆ. ಅದು ಆಫರ್ ಸಂದೇಶಗಳ ರಾಶಿಯಲ್ಲಿ ಹೂತುಹೋಗುತ್ತೆ. ಹಾಗಾಗಿ 1909ಕ್ಕೆ ‘ಸ್ಟಾರ್ಟ್ 0’ ಅಂತ ಇಂಗ್ಲಿಷಿನಲ್ಲಿ ಎಸ್‌ಎಂಎಸ್ ಮಾಡಿ ಜಾಹೀರಾತು ನಿಲ್ಲಿಸಿ.

ಹವ್ಯಾಸದ ಚಂದಾಗಳೆಲ್ಲ ಹವ್ಯಾಸದ ಖಾತೆಗೇ ಕಟ್ಟಿರಲಿ. ಡೆಬಿಟ್ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಬಳಕೆ ಬ್ಯಾಂಕಿನ ಆಪಲ್ಲೇ ಆಫ್ ಮಾಡಬಹುದು, ಮಾಡಿಬಿಡಿ.

ಕತ್ರಿಗುಪ್ಪೆ_ಬಾಲ್ಕನಿ

ತುಂಬಾ ಉಪಕಾರ ಎಲ್ಲರಿಗೂ. ಒಂದು ಕೊನೆ ಪ್ರಶ್ನೆ: ಸಂಜೆ ಎಡಿಟಿಂಗ್‌ಗೆ ಅಂತ ಫೋನ್ ತೆಗೆದ್ರೆ ಅಂಗಡಿ ಆಪ್‌ನಲ್ಲಿ ಮುಕ್ಕಾಲು ಗಂಟೆ ಹೋಗುತ್ತೆ. ಟೈಮರ್ ಹಾಕಿದ್ರೂ ಬ್ರೌಸರ್‌ನಲ್ಲಿ ಅದೇ ತೆರೆದುಕೊಳ್ಳುತ್ತೆ. ಮತ್ತೆ, ಹಳೇ ಟ್ರೈಪಾಡ್ ಮಾರೋವಾಗ ನೋಡಿಕೊಳ್ಳಬೇಕಾದ್ದು ಏನು?

ಬಾಲ್ಕನಿ_ಬೆಸುಗೆ

ಟೈಮರ್ ಬದಲು ಫೋಕಸ್ ಮೋಡ್ ಬಳಸಿ. ಆಂಡ್ರಾಯ್ಡ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಒಳಗಿದೆ. ಸಂಜೆ 7ರಿಂದ 9 ಅಂತ ವೇಳಾಪಟ್ಟಿ ಕೊಟ್ಟು, ಅಂಗಡಿ ಆಪ್‌ಗಳ ಜೊತೆ ಬ್ರೌಸರನ್ನೂ ಪಟ್ಟಿಗೆ ಸೇರಿಸಿ. ಎಡಿಟಿಂಗ್ ಆಪ್ ಓಡ್ತಾ ಇರುತ್ತೆ, ಉಳಿದದ್ದು ಬೂದು ಬಣ್ಣಕ್ಕೆ ತಿರುಗುತ್ತೆ. ಐಫೋನ್ ಆದ್ರೆ ಸ್ಕ್ರೀನ್ ಟೈಮ್‌ನಲ್ಲಿ ಮಿತಿ ಹಾಕಿ, ಪಾಸ್‌ಕೋಡನ್ನ ಮನೆಯ ಇನ್ನೊಬ್ಬರ ಕೈಲಿ ಹಾಕಿಸಿ. ಅಂಗಡಿ ಆಪ್‌ಗಳಲ್ಲಿ ಸೇವ್ ಆಗಿರೋ ಕಾರ್ಡ್ ತೆಗೆದುಹಾಕಿ, ಬ್ಯಾಂಕ್ ಆಪ್‌ನ ಟೋಕನ್ (ಅಂಗಡಿಗಳಲ್ಲಿ ಸೇವ್ ಆದ ಕಾರ್ಡಿನ ಗುರುತು) ಪುಟದಲ್ಲೂ ಅಳಿಸಿ. ಪ್ರತಿ ಸಲ 16 ಅಂಕಿ ಹೊಡೀಬೇಕಾದ್ರೆ ಕಾರ್ಡ್ ಇರೋ ಕಪಾಟಿನ ತನಕ ಎದ್ದು ಹೋಗಬೇಕಲ್ಲ.

ಕ್ಯೂಆರ್_ಮತ್ತು_ಚಿಲ್ಲರೆ

ಟ್ರೈಪಾಡಿಗೆ: ದುಡ್ಡು ಬರೋಕೆ ಪಿನ್ ಬೇಡ, ಸ್ಕ್ಯಾನೂ ಬೇಡ. ಕೊಳ್ಳೋರು ಕ್ಯೂಆರ್ ಕಳಿಸಿ ಸ್ಕ್ಯಾನ್ ಮಾಡಿ ಅಂದ್ರೆ ಮಾತು ಅಲ್ಲಿಗೇ ಮುಗಿಸಿ. ಅವರು ತೋರಿಸೋ ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಆಪ್‌ನಲ್ಲಿ ಬ್ಯಾಲೆನ್ಸ್ ನೋಡಿದ ಮೇಲೆ ಸಾಮಾನು ಕೈಗೆ ಕೊಡಿ. ಮನೆಗೆ ಕರೆಯೋ ಬದಲು ಮೆಟ್ರೋ ನಿಲ್ದಾಣದ ಹೊರಗೆ ಭೇಟಿ ಮಾಡಿ. ಮೋಸ ಆಗಿಯೇ ಹೋದ್ರೆ ಆ ಗಳಿಗೆಯಲ್ಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡ ಆದಷ್ಟೂ ದುಡ್ಡು ಮುಂದಿನ ಖಾತೆಗೆ ಜಾರುತ್ತೆ. ಬಂದ ದುಡ್ಡು ಹವ್ಯಾಸದ ಖಾತೆಗೇ ಬೀಳೋ ಹಾಗೆ ಭೀಮ್‌ನ ಐಡಿ ಕೊಡಿ, ಮನೆ ಖಾತೆಯದ್ದಲ್ಲ.